ಷಡ್ಜಕ್ಕೆ ಮರಳುವ ದಾರಿ: ಪಾಶ್ಚಾತ್ಯ ಸಂಗೀತದ ರಮ್ಯಯುಗ ಮತ್ತು ಅದರ ನೆರೆಯ ಯುಗಗಳು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಯುರೋಪಿನ ಸಂಗೀತದ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾದುದೇ. ಉತ್ತರ ನಮ್ಮ ಸಾಹಿತ್ಯದೊಳಗೇ ಇದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾದ ತರುವಾಯ ರಮ್ಯ ಪಂಥದ ಕಾವ್ಯ ಕನ್ನಡದ ನೆಲದಲ್ಲಿ ಬೇರುಬಿಟ್ಟಿತು. ‘ರಮ್ಯ’ ಎಂಬ ಮಾತು ನಮ್ಮ ವಿಮರ್ಶೆಯ ಮನೆಮಾತಾಯಿತು. ಕಾವ್ಯ ಬಂತು, ಆದರೆ ಆ ಕಾವ್ಯದ ಒಡಹುಟ್ಟಾದ ಸಂಗೀತ ಬರಲಿಲ್ಲ. ಪುಸ್ತಕ ಅಂಚೆಯಲ್ಲಿ ಬರುತ್ತದೆ, ವಾದ್ಯವೃಂದ ಬರುವುದಿಲ್ಲ. ಹೀಗಾಗಿ ಯುರೋಪಿನ ರಮ್ಯತೆಯನ್ನು ನಾವು ಕಣ್ಣಿನಿಂದ ಓದಿ ಅರಿತೆವೇ ಹೊರತು ಕಿವಿಯಿಂದ ಕೇಳಿ ಅರಿಯಲಿಲ್ಲ.

ಇದರಿಂದ ಒಂದು ನಷ್ಟವಾಗಿದೆ. ನವ್ಯದ ವಿಮರ್ಶಕರು ರಮ್ಯ ಕಾವ್ಯದ ಮೇಲೆ ಹೊರಿಸಿದ ಆರೋಪಗಳನ್ನೇ ನಾವು ರಮ್ಯದ ಲಕ್ಷಣಗಳೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅತಿಭಾವುಕತೆ, ಕನಸುಗಾರಿಕೆ, ಚೆಲುವಿನ ಆರಾಧನೆ ಎಂಬ ಮೂರು ಮಾತುಗಳಲ್ಲಿ ರಮ್ಯದ ವಿಚಾರ ಮುಗಿದುಹೋಗುತ್ತದೆ. ಸಂಗೀತದ ವಿಷಯಕ್ಕೆ ಬಂದರೂ ಇದೇ ಸೂತ್ರ: ಅಭಿಜಾತ ಯುಗ ಬುದ್ಧಿಯದು, ರಮ್ಯಯುಗ ಹೃದಯದ್ದು, ಆಧುನಿಕ ಯುಗ ಮತ್ತೆ ಬುದ್ಧಿಯದು. ಈ ಸೂತ್ರ ಸರಿಯಲ್ಲವೆಂಬುದೇ ಈ ಲೇಖನದ ವಾದ. ಮೂರು ಯುಗಗಳನ್ನು ಬೇರ್ಪಡಿಸುವುದು ಭಾವದ ಪ್ರಮಾಣವಲ್ಲ. ಆಧಾರಸ್ವರದೊಡನೆ, ಅಂದರೆ ಷಡ್ಜದೊಡನೆ, ಸಂಗೀತಗಾರ ಇಟ್ಟುಕೊಂಡ ಸಂಬಂಧ.

ನಮ್ಮ ಸಂಗೀತದಲ್ಲಿ ತಂಬೂರಿ ನಿಲ್ಲುವುದಿಲ್ಲ. ಗಾಯಕ ಎಷ್ಟೇ ದೂರ ಅಲೆದರೂ ಬೆನ್ನ ಹಿಂದೆ ಷಡ್ಜ ನುಡಿಯುತ್ತಲೇ ಇರುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹಾಗಿಲ್ಲ. ಅಲ್ಲಿ ತಂಬೂರಿಯಿಲ್ಲ, ಆಧಾರಸ್ವರವೆಂಬುದು ಕೇಳುಗನ ನೆನಪಿನಲ್ಲಿ ಮಾತ್ರ ಇರುತ್ತದೆ. ಕೃತಿಯ ನಡುವೆ ಆಧಾರಸ್ವರವೇ ಸ್ಥಳ ಬದಲಿಸುತ್ತದೆ. ಬೈಠಕ್ಕಿನ ನಡುವೆ ಯಾರೋ ತಂಬೂರಿಯನ್ನು ಬೇರೆ ಶ್ರುತಿಗೆ ತಿರುಗಿಸಿದಂತೆ ಎಂದು ಊಹಿಸಿಕೊಳ್ಳಬಹುದು. ಆದ್ದರಿಂದ ಅಲ್ಲಿ ಮನೆ ಬಿಟ್ಟು ಹೋಗುವುದು ಸಾಧ್ಯ, ದಾರಿ ತಪ್ಪುವುದು ಸಾಧ್ಯ, ಮರಳದೇ ಇರುವುದೂ ಸಾಧ್ಯ. ಈ ಸಾಧ್ಯತೆಯನ್ನು ಮೂರು ಯುಗಗಳು ಮೂರು ಬಗೆಯಲ್ಲಿ ಬಳಸಿಕೊಂಡವು.

ಮರಳುವ ಭರವಸೆ

ಜೋಸೆಫ್ ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಅರಸುಮನೆತನದ ಸೇವೆಗೆ ಸೇರಿದ. ಕರಾರಿನಂತೆ ಅವನು ಸಮವಸ್ತ್ರ ಧರಿಸಬೇಕು, ಅರಸರು ಕೇಳಿದ ಸಂಗೀತ ರಚಿಸಬೇಕು, ರಚನೆಗಳ ಮೇಲಿನ ಹಕ್ಕೂ ಅರಸರದೇ. 1772ರಲ್ಲಿ ಅರಸರು ಬೇಸಿಗೆಯ ಅರಮನೆಯಲ್ಲಿ ಬಹುಕಾಲ ನಿಂತರು. ಊರಿನಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಬಂದಿದ್ದ ವಾದ್ಯಗಾರರು ಹೈಡನ್ನನ ಬಳಿ ಅಳಲು ತೋಡಿಕೊಂಡರು. ಅವನು ಅರ್ಜಿ ಬರೆಯಲಿಲ್ಲ, ಒಂದು ಸಿಂಫನಿ ಬರೆದ. ಅವನ 45ನೆಯ ಸಿಂಫನಿಯಾದ ಅದಕ್ಕೆ ‘ವಿದಾಯ’ ಎಂಬ ಹೆಸರು ನಿಂತಿದೆ. ಅದರ ಕೊನೆಯ ಭಾಗದಲ್ಲಿ ವಾದ್ಯಗಳು ಒಂದೊಂದಾಗಿ ಮೌನವಾಗುತ್ತವೆ. ನುಡಿಸಿ ಮುಗಿಸಿದವನು ತನ್ನ ಮುಂದಿನ ಮೇಣದಬತ್ತಿಯನ್ನು ಆರಿಸಿ ಎದ್ದು ಹೋಗುತ್ತಾನೆ. ಕಡೆಗೆ ಉಳಿಯುವುದು ಎರಡು ಪಿಟೀಲುಗಳು ಮಾತ್ರ. ಅರಸರು ಸೂಚನೆಯನ್ನು ಅರಿತರು, ಮರುದಿನವೇ ಪರಿವಾರ ಹೊರಟಿತು ಎಂದು ಪ್ರತೀತಿ.

ಈ ಸಿಂಫನಿಯ ಶ್ರುತಿ ಎಫ್-ಶಾರ್ಪ್ ಮೈನರ್. ಹಾರ್ಮೋನಿಯಂ ಬಲ್ಲ ನಮ್ಮ ಭಜನಾ ಮಂಡಳಿಯವರು ‘ಕಾಳಿ ಮೂರು’ ಎನ್ನುವ ಮನೆಯೇ ಅದರ ಷಡ್ಜ. ಆ ಕಾಲಕ್ಕೆ ಅದು ಅಪರೂಪದ ಶ್ರುತಿ. ಅದರಲ್ಲಿ ನುಡಿಸುವುದಕ್ಕೆಂದೇ ಕೊಂಬುವಾದ್ಯಗಳಿಗೆ ಹೊಸ ಬಳೆಗಳನ್ನು ಮಾಡಿಸಬೇಕಾಯಿತು. ಕೃತಿ ಅಶಾಂತವಾಗಿ ಆರಂಭವಾಗುತ್ತದೆ, ದೂರದೂರ ಅಲೆಯುತ್ತದೆ. ಆದರೆ ಕೊನೆಯ ಎರಡು ಪಿಟೀಲುಗಳು ನಿಲ್ಲುವುದು ಅದೇ ಕಾಳಿ ಮೂರರ ಮೇಲೆ. ಮೈನರಿನ ಕತ್ತಲೆ ತೊಲಗಿ ಮೇಜರಿನ ಬೆಳಕು ಬಂದಿರುತ್ತದೆ. ವಾದ್ಯಗಾರರೂ ಮನೆ ಸೇರಿದರು, ಸ್ವರವೂ ಮನೆ ಸೇರಿತು.

ಇದರಲ್ಲಿ ಭಾವವಿಲ್ಲವೆಂದು ಯಾರು ಹೇಳಿಯಾರು? ಮೊಟ್ಸಾರ್ಟ್ 1788ರಲ್ಲಿ ಬರೆದ ಜಿ ಮೈನರ್ ಸಿಂಫನಿಯನ್ನೂ ನೋಡಬಹುದು. ಅದರ ಕೊನೆಯ ಭಾಗದ ನಡುವೆ ಒಂದು ಭಯಂಕರವಾದ ಸ್ವರಪಂಕ್ತಿ ಬರುತ್ತದೆ. ಹನ್ನೆರಡು ಸ್ವರಗಳಲ್ಲಿ ಹನ್ನೊಂದು ಅಲ್ಲಿ ಕಾಣಿಸಿಕೊಳ್ಳುತ್ತವೆ. ಬಾರದಿರುವುದು ಜಿ ಒಂದೇ, ಅಂದರೆ ಕೃತಿಯ ಷಡ್ಜವೊಂದೇ. ಮನೆಯೇ ಕಾಣೆಯಾದ ಕ್ಷಣ ಅದು. ಅಷ್ಟಾದರೂ ಕೃತಿ ಷಡ್ಜಕ್ಕೆ ಮರಳುತ್ತದೆ, ಮರಳಲೇಬೇಕು. ತಾನಿನ ಸುಳಿಗಳಲ್ಲಿ ಮುಳುಗಿದ ಗಾಯಕ ಸಮ್ಮಿಗೆ ಬಂದು ಸೇರುವನೆಂಬ ವಿಶ್ವಾಸದಿಂದ ಸಭೆ ಹೇಗೆ ಕಾಯುತ್ತದೆಯೋ ಹಾಗೆ ಆ ಕಾಲದ ಕೇಳುಗರು ಕಾಯುತ್ತಿದ್ದರು. ಅಭಿಜಾತ ಯುಗದ ರೂಪವೆಂದರೆ ರಚನಕಾರ ಮತ್ತು ಕೇಳುಗರ ನಡುವಿನ ಈ ಒಪ್ಪಂದ. ಭಾವ ಎಷ್ಟೇ ತೀವ್ರವಾದರೂ ಒಪ್ಪಂದ ಮುರಿಯುವುದಿಲ್ಲ.

ಮರಳಲಾಗದ ಹಂಬಲ

ರಮ್ಯ ಎಂಬ ವಿಶೇಷಣವನ್ನು ಸಂಗೀತಕ್ಕೆ ಬಲವಾಗಿ ಅಂಟಿಸಿದವರಲ್ಲಿ ಮುಖ್ಯನು ಇ.ಟಿ.ಎ. ಹಾಫ್‌ಮನ್. ಬೀಥೋವನ್ನನ ಐದನೆಯ ಸಿಂಫನಿಯ ಬಗ್ಗೆ ಅವನು 1810ರಲ್ಲಿ ಬರೆದ ವಿಮರ್ಶೆ ಪ್ರಸಿದ್ಧವಾದುದು. ಅದರಲ್ಲಿ ಅವನು ಹೈಡನ್, ಮೊಟ್ಸಾರ್ಟ್, ಬೀಥೋವನ್ ಮೂವರಲ್ಲಿಯೂ ರಮ್ಯ ಚೈತನ್ಯವನ್ನೇ ಕಂಡ. ನಾವಿಂದು ಅಭಿಜಾತರೆನ್ನುವ ಇಬ್ಬರು ಅವನ ಲೆಕ್ಕದಲ್ಲಿ ರಮ್ಯರೇ. ಯುಗಗಳ ಗೆರೆಗಳನ್ನು ಕಾಲಾನಂತರ ಎಳೆದವರು ನಾವು ಎಂಬುದನ್ನು ಇದು ನೆನಪಿಸುತ್ತದೆ. ಆದರೂ ಹಾಫ್‌ಮನ್ ಒಂದು ಮಾತನ್ನು ಸರಿಯಾಗಿ ಹಿಡಿದಿದ್ದ. ಬೀಥೋವನ್ನನ ಸಂಗೀತ ನಮ್ಮಲ್ಲಿ ಎಬ್ಬಿಸುವುದು ಕೊನೆಯಿಲ್ಲದ ಹಂಬಲ ಎಂಬುದು ಅವನ ಅಭಿಪ್ರಾಯದ ತಿರುಳು. ಹಂಬಲವೆಂಬುದು ದೊರಕದುದರ ಭಾವ. ಅದಕ್ಕೆ ಸಮ್ಮಿನ ಭರವಸೆಯಿಲ್ಲ.

ಬೀಥೋವನ್ ತಾನಾಗಿ ಷಡ್ಜವನ್ನು ಕೈಬಿಟ್ಟವನಲ್ಲ. ಹೋರಾಡಿ ಗೆದ್ದು ಮರಳಿದವನು. ಆ ಗೆಲುವಿನಲ್ಲಿ ನಂಬಿಕೆ ಉಳಿಯದಿದ್ದದ್ದು ಅವನ ನಂತರದವರಿಗೆ. ಅವನ ಊರಾದ ವಿಯೆನ್ನಾದಲ್ಲೇ ಬದುಕಿ, ಅವನು ತೀರಿಕೊಂಡ ಮರುವರ್ಷ 1828ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ ಸತ್ತ ಶೂಬರ್ಟ್ ಆರುನೂರಕ್ಕೂ ಹೆಚ್ಚು ಹಾಡುಗಳನ್ನು ರಚಿಸಿದ. ಹದಿನೇಳರ ವಯಸ್ಸಿನಲ್ಲಿ, 1814ರಲ್ಲಿ, ಗಯಟೆಯ ‘ಫೌಸ್ಟ್’ ನಾಟಕದಿಂದ ಗ್ರೆಚನ್ ರಾಟೆ ನೂಲುವ ಹಾಡನ್ನು ಆಯ್ದುಕೊಂಡ. ಪಿಯಾನೊ ರಾಟೆಯಂತೆ ತಿರುಗುತ್ತದೆ. ಹುಡುಗಿ ತನ್ನ ಪ್ರಿಯನ ಮುತ್ತನ್ನು ನೆನೆದೊಡನೆ ರಾಟೆ ನಿಂತುಬಿಡುತ್ತದೆ. ಆಮೇಲೆ ತಡವರಿಸುತ್ತ, ಎರಡು ಮೂರು ಸಲ ಎಡವಿ ಮತ್ತೆ ತಿರುಗತೊಡಗುತ್ತದೆ. ಇಲ್ಲಿ ಭಾವವು ಹಾಡಿನ ಅಲಂಕಾರವಾಗಿ ಉಳಿಯದೆ ಅದರ ನಡಿಗೆಯನ್ನೇ ಆಳುತ್ತಿದೆ. ಒಬ್ಬ ಹೆಣ್ಣಿನ ಎದೆಬಡಿತ ನಿಂತರೆ ಲಯವೂ ನಿಲ್ಲುತ್ತದೆ. ರೂಪವು ಒಪ್ಪಂದಕ್ಕಲ್ಲದೆ ಒಬ್ಬ ವ್ಯಕ್ತಿಯ ಅನುಭವಕ್ಕೆ ಬದ್ಧವಾಗುವುದೇ ರಮ್ಯಯುಗದ ಮೊದಲ ಲಕ್ಷಣ.

ಅದೇ ಶೂಬರ್ಟ್ 1827ರಲ್ಲಿ ಮ್ಯೂಲರನ ಇಪ್ಪತ್ತನಾಲ್ಕು ಕವಿತೆಗಳಿಗೆ ಸಂಗೀತ ಬರೆದು ‘ಚಳಿಗಾಲದ ಪಯಣ’ವನ್ನು ರಚಿಸಿದ. ಪ್ರೀತಿ ಮುರಿದ ಯುವಕನೊಬ್ಬ ರಾತ್ರಿ ಊರು ಬಿಟ್ಟು ಹಿಮದಲ್ಲಿ ನಡೆಯುತ್ತಾನೆ, ಎಲ್ಲಿಗೂ ಮುಟ್ಟುವುದಿಲ್ಲ. ಕೊನೆಯ ಹಾಡಿನಲ್ಲಿ ಊರಾಚೆ ಬರಿಗಾಲಲ್ಲಿ ನಿಂತ ಮುದುಕನೊಬ್ಬ ತಿರುಗಣಿಯ ವಾದ್ಯ ನುಡಿಸುತ್ತಿದ್ದಾನೆ, ಕೇಳುವವರಿಲ್ಲ, ತಟ್ಟೆಯಲ್ಲಿ ಕಾಸಿಲ್ಲ. ಪಿಯಾನೊದ ಎಡಗೈ ಹಾಡಿನುದ್ದಕ್ಕೂ ಎರಡೇ ಸ್ವರಗಳನ್ನು ಹಿಡಿದಿರುತ್ತದೆ: ಷಡ್ಜ ಮತ್ತು ಪಂಚಮ. ನಮ್ಮ ಕಿವಿಗೆ ಇದು ತಂಬೂರಿಯೇ! ನಮಗೆ ನೆಮ್ಮದಿ ಕೊಡುವ ಆ ಶ್ರುತಿ ಅಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಮನೆಯ ಸ್ವರವಿದೆ, ಆದರೆ ಅದೀಗ ಮನೆಯಿಲ್ಲದವನ ಕೈಯಲ್ಲಿದೆ. ನನ್ನ ಹಾಡುಗಳಿಗೆ ನೀನು ಸಾಥ್ ಕೊಡುವೆಯಾ ಎಂದು ಯುವಕ ಮುದುಕನನ್ನು ಕೇಳುತ್ತಾನೆ. ಉತ್ತರ ಬರುವ ಮೊದಲೇ ಸಂಗೀತ ಮುಗಿಯುತ್ತದೆ. ‘ರಮ್ಯ’ ಎಂದರೆ ಚೆಲುವಾದುದು ಎಂದು ನಂಬಿದವರು ಈ ಹಾಡನ್ನು ಒಮ್ಮೆ ಕೇಳಬೇಕು.

ಈಗ ಕಾಳಿ ಮೂರಕ್ಕೆ ಮರಳೋಣ. 1840ರಲ್ಲಿ ಶೂಮನ್ ಕವಿ ಹೈನೆಯ ಕವಿತೆಗಳನ್ನು ಆರಿಸಿ ‘ಕವಿಯ ಪ್ರೇಮ’ ಎಂಬ ಹದಿನಾರು ಹಾಡುಗಳ ಮಾಲೆಯನ್ನು ಹೆಣೆದ. ಮೊದಲ ಹಾಡು ಮೇ ತಿಂಗಳ ಚೆಲುವು, ಮೊಗ್ಗು ಬಿರಿಯುವ ಹೊತ್ತಿನಲ್ಲಿ ಎದೆಯಲ್ಲಿ ಹುಟ್ಟಿದ ಒಲವನ್ನು ಕುರಿತದ್ದು. ಮಾತಿನಲ್ಲಿ ದುಃಖದ ಸುಳಿವಿಲ್ಲ. ಆದರೆ ಪಿಯಾನೊ ಹೈಡನ್ನನ ಅದೇ ಎಫ್-ಶಾರ್ಪ್ ಮೈನರಿನ ಹೊಸ್ತಿಲಲ್ಲಿ ನಿಂತು ಬಾಗಿಲು ತಟ್ಟುತ್ತದೆ. ಹಾಡುವವನ ದನಿ ನಡುನಡುವೆ ಪಕ್ಕದ ಎ ಮೇಜರಿನಲ್ಲಿ ತಂಗುತ್ತದೆ. ಪಿಯಾನೊ ಮತ್ತೆ ಹಳೆಯ ಹೊಸ್ತಿಲಿಗೇ ಬರುತ್ತದೆ. ಬಾಗಿಲು ತೆರೆಯುವುದಿಲ್ಲ. ಕಾಳಿ ಮೂರರ ಮೈನರ್ ಸ್ವರಮೇಳ ಇಡೀ ಹಾಡಿನಲ್ಲಿ ಒಮ್ಮೆಯೂ ನುಡಿಯುವುದಿಲ್ಲ; ಅದನ್ನು ಕರೆಯುವ ಪಂಚಮದ ಮೇಳದಲ್ಲಿ ಹಾಡು ತೂಗುತ್ತ ನಿಂತುಬಿಡುತ್ತದೆ. ಕವಿತೆ ಹೇಳದ್ದನ್ನು, ಈ ಒಲವು ಕೈಗೂಡುವುದಿಲ್ಲ ಎಂಬುದನ್ನು, ಬಾರದ ಷಡ್ಜ ಹೇಳುತ್ತದೆ. ಹೈಡನ್ನನಲ್ಲಿ ಷಡ್ಜ ದೂರದಲ್ಲಿತ್ತು; ಶೂಮನ್ನನಲ್ಲಿ ಅದು ಪಕ್ಕದಲ್ಲೇ ಇದ್ದೂ ದಕ್ಕುವುದಿಲ್ಲ. ಅದೇ ಮನೆ, ಅರವತ್ತೆಂಟು ವರ್ಷಗಳ ಅಂತರ. ಎರಡು ಯುಗಗಳ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಜೋಡಿಯನ್ನು ನಾವು ಕಾಣೆವು.

ಇದೇ ಹಂಬಲವನ್ನು ವಾಗ್ನರ್ ಅದರ ತುತ್ತತುದಿಗೆ ಒಯ್ದ. 1865ರಲ್ಲಿ ಮ್ಯೂನಿಕ್ಕಿನಲ್ಲಿ ರಂಗವೇರಿದ ಅವನ ‘ಟ್ರಿಸ್ಟನ್ ಮತ್ತು ಇಸೋಲ್ಡೆ’ಯ ಆರಂಭದಲ್ಲೇ ಕೇಳುವ ಅಸ್ಥಿರ ಸ್ವರಮೇಳಕ್ಕೆ ವಿಶ್ರಾಂತಿ ಸಿಗುವುದು ಸುಮಾರು ನಾಲ್ಕು ಗಂಟೆಗಳ ನಂತರ, ನಾಯಕಿಯ ಮರಣದೊಡನೆ. ಸಾವನ್ನು ಬಿಟ್ಟು ಬೇರೆ ಮನೆಯಿಲ್ಲ ಎಂಬಲ್ಲಿಗೆ ರಮ್ಯತೆ ಬಂದು ಮುಟ್ಟಿತ್ತು. ಎಲ್ಲರೂ ಆ ದಾರಿ ಹಿಡಿಯಲಿಲ್ಲವೆಂಬುದನ್ನೂ ಹೇಳಬೇಕು. ಬ್ರಾಮ್ಸ್ 1885ರಲ್ಲಿ ಮುಗಿಸಿದ ತನ್ನ ನಾಲ್ಕನೆಯ ಸಿಂಫನಿಯ ಅಂತ್ಯವನ್ನು ಬಾಖನ ಒಂದು ಚಿಕ್ಕ ಸ್ವರಸಾಲಿನ ಮೇಲೆ ಕಟ್ಟಿ, ಹಿರಿಯರ ಮನೆಯ ಗೋಡೆಗಳು ಇನ್ನೂ ಗಟ್ಟಿಯಾಗಿವೆ ಎಂದು ತೋರಿಸಿದ.

ಷಡ್ಜವನ್ನೇ ತೊರೆದವರು

ಮುಂದಿನ ಹೆಜ್ಜೆ ತರ್ಕಬದ್ಧವಾದುದು. ಮರಳುವಿಕೆಯನ್ನು ಇಷ್ಟು ಮುಂದೂಡಬಹುದಾದರೆ ಅದನ್ನು ಕೈಬಿಡಲೂಬಹುದು. ಶೋನ್‌ಬರ್ಗನ ಎರಡನೆಯ ತಂತಿವಾದ್ಯ ಚತುಷ್ಕ 1908ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದಾಗ ಸಭೆಯಲ್ಲಿ ಗದ್ದಲವೆದ್ದಿತು. ಆ ಕೃತಿ ಆರಂಭವಾಗುವ ಶ್ರುತಿಯೂ ಎಫ್-ಶಾರ್ಪ್ ಮೈನರ್ ಎಂಬುದನ್ನು ಗಮನಿಸಬೇಕು. ನಾಲ್ಕನೆಯ ಭಾಗಕ್ಕೆ ಬರುವ ಹೊತ್ತಿಗೆ ಶ್ರುತಿಯ ಗುರುತೇ ಹಾಳೆಯಿಂದ ಮಾಯವಾಗಿರುತ್ತದೆ. ನಾಲ್ಕು ವಾದ್ಯಗಳ ಜೊತೆಗೆ ಒಂದು ಹೆಣ್ಣುದನಿ ಸೇರಿ ಅನ್ಯಗ್ರಹದ ಗಾಳಿಯ ಬಗ್ಗೆ ಹಾಡುತ್ತದೆ. ಆಧಾರಸ್ವರವೆಂಬ ನೆಲವೇ ಕಾಲ ಕೆಳಗಿಲ್ಲ. ಸ್ವಾರಸ್ಯವೆಂದರೆ, ಇಷ್ಟೆಲ್ಲ ಆದ ಮೇಲೆ ಕೃತಿಯ ಕಡೆಯ ಸ್ವರಮೇಳ ಕಾಳಿ ಮೂರರ ಮೇಜರ್, ಹೈಡನ್ ತನ್ನ ವಾದ್ಯಗಾರರನ್ನು ಕಳಿಸಿಕೊಟ್ಟ ಮನೆಯೇ. ತೊರೆದು ಹೋಗುವವನು ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಂತೆ ಅದು ನಮಗೆ ಕೇಳಿಸುತ್ತದೆ. ಶೋನ್‌ಬರ್ಗ್ ಬುದ್ಧಿಯ ಕಸರತ್ತು ಮಾಡಿದನೆಂಬ ಮಾತನ್ನು ಈ ಕ್ಷಣ ಸುಳ್ಳಾಗಿಸುತ್ತದೆ. ಅವನು ಹಂಬಲದಿಂದಲೇ ಹೊರಟು ಹಂಬಲದ ಆಚೆಗೆ ಹೋದವನು.

ಬೇರೆ ಬಗೆಯ ನಿರಾಕರಣೆಯೂ ಇತ್ತು. 1913ರಲ್ಲಿ ಪ್ಯಾರಿಸ್ಸಿನಲ್ಲಿ ‘ವಸಂತದ ವಿಧಿ’ಯಿಂದ ಕೋಲಾಹಲವೆಬ್ಬಿಸಿದ ಸ್ಟ್ರಾವಿನ್‌ಸ್ಕಿ, ಮುಂದೆ ತನ್ನ ಆತ್ಮಕಥೆಯಲ್ಲಿ, ಸಂಗೀತಕ್ಕೆ ಯಾವುದೇ ಭಾವವನ್ನು ಅಭಿವ್ಯಕ್ತಿಸುವ ಶಕ್ತಿಯೇ ಇಲ್ಲವೆಂದು ವಾದಿಸಿದ. ನಮ್ಮ ನವ್ಯರ ಕಟುತ್ವ ಬಲ್ಲವರಿಗೆ ಈ ಧ್ವನಿ ಪರಿಚಿತವೇ. ಹಿಂದಿನ ತಲೆಮಾರಿನ ಭಾರವನ್ನು ಕೊಡವಿಕೊಳ್ಳಲು ಅಂಥ ಮಾತು ಬೇಕಾಗುತ್ತದೆ. ಆದರೆ ಅದನ್ನು ಹಿಂದಿನ ತಲೆಮಾರಿನ ವ್ಯಾಖ್ಯೆಯೆಂದು ನಂಬುವುದು ಓದುಗರ ತಪ್ಪು.

ಮೈಸೂರಿನ ನಂಟು

ಯುಗಗಳು ಪಂಚಾಂಗದಂತೆ ಮುಗಿಯುವುದಿಲ್ಲ. ಶೋನ್‌ಬರ್ಗನ ಚತುಷ್ಕ ಕೇಳಿಬಂದ ನಲವತ್ತು ವರ್ಷಗಳ ಬಳಿಕ, 1948ರಲ್ಲಿ, ಎಂಬತ್ತನಾಲ್ಕರ ರಿಚರ್ಡ್ ಸ್ಟ್ರಾಸ್ ನಾಲ್ಕು ಹಾಡುಗಳನ್ನು ಬರೆದು ಮರುವರ್ಷ ಕಣ್ಮುಚ್ಚಿದ. ‘ಕೊನೆಯ ನಾಲ್ಕು ಹಾಡುಗಳು’ ಎಂದೇ ಹೆಸರಾದ ಅವು ರಮ್ಯಯುಗದ ಸಂಜೆಯ ಬೆಳಕು. ಒಂದರಲ್ಲಿ ಮುಪ್ಪಿನ ದಂಪತಿ ಮುಳುಗುವ ಸೂರ್ಯನನ್ನು ನೋಡುತ್ತ ನಿಂತಿದ್ದಾರೆ. ಕಡೆಗೆ ಎರಡು ಬಾನಾಡಿಗಳ ದನಿ ಉಳಿಯುತ್ತದೆ, ಸಂಗೀತ ತನ್ನ ಷಡ್ಜದಲ್ಲಿ ನಿಧಾನವಾಗಿ ಕರಗುತ್ತದೆ. ಈ ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಕಂಠದಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಚೇರಿಗೆ ಹಣದ ಬೆಂಬಲ ನೀಡಿದವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು.

ಪಿಯಾನೊ ಬಲ್ಲವರಾಗಿದ್ದ ಒಡೆಯರು, ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರನ ಕೃತಿಗಳು ಅವನ ದನಿಯಲ್ಲೇ, ಅಂದರೆ ಅವನ ಬೆರಳುಗಳಲ್ಲೇ, ಮುದ್ರಣಗೊಂಡು ಉಳಿದಿರುವುದೂ ಅವರ ಔದಾರ್ಯದಿಂದ. ಷಡ್ಜವನ್ನು ತೊರೆದವರನ್ನು ಕುರಿತು ಒಂದು ಪುಸ್ತಕವನ್ನೇ ಬರೆದು ವಾದಿಸಿದ್ದ ಮೆಟ್ನರ್, ಕಾಲ ತನ್ನನ್ನು ಬಿಟ್ಟು ಮುಂದೆ ಹೋಯಿತೆಂಬ ನೋವಿನಲ್ಲಿದ್ದ. ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ರಮ್ಯಯುಗದ ಕೊನೆಯ ಪುಟದಲ್ಲಿ ಕನ್ನಡ ನಾಡಿನ ಹೆಸರಿರುವುದನ್ನು ನಮ್ಮಲ್ಲಿ ಬಹಳ ಮಂದಿ ತಿಳಿಯರು. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಯೊಂದು ಷಡ್ಜವನ್ನು ಬಿಡಲೊಲ್ಲದ ಮೆಟ್ನರನನ್ನು ಗುರುತಿಸಿದ್ದು ಕೇವಲ ಆಕಸ್ಮಿಕವೆಂದು ನಮಗೆ ಅನಿಸುವುದಿಲ್ಲ.

ನುಡಿಯೆಂಬ ಮನೆ

ರಮ್ಯ ಸಂಗೀತಗಾರರಿಗೆ ಮನೆಯೆಂಬುದು ಸ್ವರದ ಮಾತು ಮಾತ್ರವಾಗಿರಲಿಲ್ಲ. 1830ರಲ್ಲಿ ವಾರ್ಸಾ ಬಿಟ್ಟ ಶೋಪಾನ್ ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಪ್ಯಾರಿಸ್ಸಿನಲ್ಲಿ ಕುಳಿತು ತನ್ನ ಹಳ್ಳಿಗಾಡಿನ ಕುಣಿತವಾದ ಮಜುರ್ಕಾವನ್ನು ಮತ್ತೆ ಮತ್ತೆ ಪಿಯಾನೊಗೆ ಬರೆದ. ಚೆಕ್ ಜನರ ಸ್ಮೆಟಾನಾನದು ಇನ್ನೂ ಬೇರೆ ಕಥೆ. ಅವನ ಓದುಬರಹವೆಲ್ಲ ಜರ್ಮನ್ನಿನಲ್ಲಿ. ಮೂವತ್ತು ದಾಟಿದ ಮೇಲೆ ಅವನು ತನ್ನವರ ಭಾಷೆಯಲ್ಲಿ ಬರೆಯಲು ಶ್ರಮಪಟ್ಟು ಕಲಿತ. ತನ್ನ ಕಾಗದದಲ್ಲಿನ ತಪ್ಪುಗಳಿಗೆ ಕ್ಷಮೆಯನ್ನೂ ಕೇಳಿದ. ಅದೇ ಮನುಷ್ಯ 1874ರಲ್ಲಿ, ಕಿವಿ ಪೂರ್ತಿ ಕೇಳಿಸದಂತಾದ ವಾರಗಳಲ್ಲೇ, ವ್ಲತಾವಾ ನದಿಯ ಸ್ವರಚಿತ್ರವನ್ನು ಬರೆದ. ಇಂದು ಆ ನಾಡಿನ ಕೊರಳೇ ಎನಿಸಿರುವ ಸಂಗೀತ ಅದು.

ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಕಲಿತು, ನಾಲ್ಕು ಸಾಲು ಕನ್ನಡ ಬರೆಯಬೇಕಾದಾಗ ತಪ್ಪಾದೀತೆಂದು ಹಿಂಜರಿಯುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಈಗ ತಂದೆತಾಯಿಗಳಾಗಿ ಈ ಸಂಚಿಕೆಯನ್ನು ಓದುತ್ತಿದ್ದಾರೆ. ಸ್ಮೆಟಾನಾನ ಆ ತಪ್ಪುಗಳ ಕಾಗದ ಅವರಿಗಾಗಿ ಬರೆದಂತಿದೆ.

ಆದರೆ ಈ ಪರಂಪರೆಯ ಇನ್ನೊಂದು ಮುಖವನ್ನು ಮರೆಮಾಡುವುದು ಪ್ರಾಮಾಣಿಕ ವಿಮರ್ಶೆಯಾಗದು. ಮನೆಯ ಹಂಬಲ ಬಹಳ ಸುಲಭವಾಗಿ ಬೇಲಿಯಾಗುತ್ತದೆ. ವಾಗ್ನರ್ 1850ರಲ್ಲಿ ಯೆಹೂದಿ ಸಂಗೀತಗಾರರ ವಿರುದ್ಧ ವಿಷ ಕಾರುವ ಪ್ರಬಂಧ ಬರೆದು, ಅವರು ಜರ್ಮನ್ ನುಡಿಯಲ್ಲಿ ಎಂದೂ ಪರಕೀಯರೇ ಎಂದ. ಮೆಂಡೆಲ್ಸನ್ನನನ್ನು ಹೆಸರಿಸಿ ಹಳಿದ. 1933ರಲ್ಲಿ ಶೋನ್‌ಬರ್ಗ್ ಜರ್ಮನಿ ಬಿಡಬೇಕಾಯಿತು. 1936ರಲ್ಲಿ ಲೈಪ್‌ಝಿಗ್ಗಿನ ಮೆಂಡೆಲ್ಸನ್ನನ ಪ್ರತಿಮೆಯನ್ನು ಕೆಡವಿದರು. ಶೂಬರ್ಟನ ಅಲೆಮಾರಿಯೂ ವಾಗ್ನರನ ಪ್ರಬಂಧವೂ ಒಂದೇ ಶತಮಾನದವು. ಒಂದು, ಮನೆಯಿಲ್ಲದವನ ಎದುರು ನಿಂತು ಜೊತೆಗೆ ಹಾಡುವೆಯಾ ಎಂದು ಕೇಳುತ್ತದೆ. ಇನ್ನೊಂದು, ಇದು ನಿನ್ನ ಮನೆಯಲ್ಲ ಎನ್ನುತ್ತದೆ. ಗಡಿಯ ಮೇಲೆ ಬದುಕುವ, ಎರಡು ನುಡಿಗಳ ನೆರೆಹೊರೆಯಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇವೆರಡರ ಅಂತರ ಪುಸ್ತಕದ ವಿಚಾರವಲ್ಲ.

ಓದುಗರಲ್ಲಿ ಒಂದು ವಿನಂತಿ. ಈಗ ಈ ಸಂಗೀತವೆಲ್ಲ ಮೊಬೈಲಿನಲ್ಲೇ ಸಿಗುತ್ತದೆ. ಹೈಡನ್ನನ ‘ವಿದಾಯ’ದ ಕೊನೆಯ ಭಾಗ, ಶೂಮನ್ನನ ಮೇ ತಿಂಗಳ ಹಾಡು, ಶೋನ್‌ಬರ್ಗನ ಚತುಷ್ಕದ ನಾಲ್ಕನೆಯ ಭಾಗ, ಈ ಮೂರನ್ನು ಇದೇ ಕ್ರಮದಲ್ಲಿ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಕೇಳಬಹುದು. ಹಾರ್ಮೋನಿಯಂ ಇದ್ದರೆ ಪಕ್ಕದಲ್ಲಿಟ್ಟುಕೊಂಡು, ಪ್ರತಿಯೊಂದೂ ಮುಗಿದೊಡನೆ ಕಾಳಿ ಮೂರನ್ನು ಒತ್ತಿ ನೋಡಿ. ಮೊದಲನೆಯದಕ್ಕೆ ಅದು ಕೂಡಿಕೊಳ್ಳುತ್ತದೆ. ಎರಡನೆಯದಕ್ಕೆ, ಶೂಮನ್ ಕೊಡದೇ ಹೋದುದನ್ನು ನಿಮ್ಮ ಬೆರಳು ಕೊಟ್ಟಂತಾಗುತ್ತದೆ. ಮೂರನೆಯದಕ್ಕೆ ಏನಾಗುತ್ತದೆಂಬುದನ್ನು ನಿಮ್ಮ ಕಿವಿಗೇ ಬಿಡುತ್ತೇವೆ.